ಸಂಖ್ಯಾಶಾಸ್ತ್ರೀಯ ಗುಣಮಟ್ಟ ನಿಯಂತ್ರಣ

ತಯಾರಿಕೆಯಲ್ಲೂ ಸೇವೆಯಲ್ಲೂ ಕಾಣುವ ಏರುಪೇರುಗಳನ್ನು ಅಳೆದು, ಸಹಜವಾದವು ಯಾವುವು, ಕಾರಣ ಹುಡುಕಿ ಸರಿಪಡಿಸಬೇಕಾದವು ಯಾವುವು ಎಂದು ಲೆಕ್ಕಾಚಾರದಿಂದ ಬೇರ್ಪಡಿಸಿ ದೋಷಗಳನ್ನು ತಗ್ಗಿಸುವ ವಿಧಾನ. 1920ರ ದಶಕದಲ್ಲಿ ಅಮೆರಿಕದ ದೂರವಾಣಿ ಉದ್ಯಮದಲ್ಲಿ ಹುಟ್ಟಿದ ಇದು ಎರಡನೆಯ ಮಹಾಯುದ್ಧದ ಕಾಲದಲ್ಲಿ ಹರಡಿ, ಬಳಿಕ ಜಪಾನಿನಲ್ಲಿ ಬಲವಾಗಿ ಬೇರೂರಿತು. ಸಿಕ್ಸ್ ಸಿಗ್ಮಾ ಇದರ ಮುಂದುವರಿದ ರೂಪ.

ಹುಟ್ಟು

ಕಾರ್ಖಾನೆಗಳಲ್ಲಿ ಮೊದಲಿದ್ದ ಪದ್ಧತಿ ಬರಿಯ ತಪಾಸಣೆ: ಮಾಲು ತಯಾರಾದ ಮೇಲೆ ನೋಡಿ ಕೆಟ್ಟದ್ದನ್ನು ಬೇರೆ ತೆಗೆಯುವುದು. ಇದರಿಂದ ಕೆಟ್ಟ ಮಾಲು ಗಿರಾಕಿಯ ಕೈಸೇರುವುದು ತಪ್ಪುತ್ತಿತ್ತೇ ಹೊರತು ಅದು ತಯಾರಾಗುವುದು ತಪ್ಪುತ್ತಿರಲಿಲ್ಲ. ಬೆಲ್ ದೂರವಾಣಿ ಜಾಲಕ್ಕೆ ಉಪಕರಣ ಒದಗಿಸುತ್ತಿದ್ದ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಯಲ್ಲಿದ್ದ ಭೌತವಿಜ್ಞಾನಿ ವಾಲ್ಟರ್ ಶೂಹಾರ್ಟ್, 1924ರ ಮೇ 16ರಂದು ತಮ್ಮ ಮೇಲಧಿಕಾರಿ ಜಾರ್ಜ್ ಎಡ್ವರ್ಡ್ಸ್ ಅವರಿಗೆ ಒಂದೇ ಪುಟದ ಟಿಪ್ಪಣಿ ಕಳಿಸಿದರು. ಅದರಲ್ಲಿದ್ದ ರೇಖಾಚಿತ್ರವೇ ಮೊದಲ ನಿಯಂತ್ರಣ ನಕ್ಷೆ. ಈ ವಿಚಾರವನ್ನು ಅವರು 1931ರ ಗ್ರಂಥದಲ್ಲಿ ವಿಸ್ತರಿಸಿದರು. ಬೆಲ್ ಪ್ರಯೋಗಾಲಯದ ಹೆರಾಲ್ಡ್ ಡಾಡ್ಜ್ ಮತ್ತು ಹ್ಯಾರಿ ರೋಮಿಗ್, ರಾಶಿಯ ಎಲ್ಲವನ್ನೂ ನೋಡದೆ ಕೆಲವನ್ನಷ್ಟೇ ಆಯ್ದು ತಪಾಸಿಸಿ ಇಡೀ ರಾಶಿಯನ್ನು ಒಪ್ಪುವ ಅಥವಾ ತಿರಸ್ಕರಿಸುವ ಕೋಷ್ಟಕಗಳನ್ನು ರಚಿಸಿದರು.

ನಿಯಂತ್ರಣ ನಕ್ಷೆಯ ಕ್ರಮ

20 ಮಿ.ಮೀ. ವ್ಯಾಸದ ಉಕ್ಕಿನ ಸರಳುಗಳನ್ನು ಕಡೆಯುವ ಲೇತ್ ಯಂತ್ರವೊಂದಿದೆ ಎನ್ನೋಣ. ಸರಳಿನಿಂದ ಸರಳಿಗೆ ಅಳತೆ ಒಂದಿಷ್ಟು ಹೆಚ್ಚುಕಡಿಮೆಯಾಗುತ್ತದೆ; ಈ ಚದುರಿಕೆಯನ್ನು ಸೂಚಿಸುವ ಮಾನಕ ವಿಚಲನೆ, ಅಂದರೆ ಸಿಗ್ಮಾ, 0.02 ಮಿ.ಮೀ. ಇರಲಿ. ಗಂಟೆಗೊಮ್ಮೆ 4 ಸರಳುಗಳನ್ನು ಅಳೆದು ಸರಾಸರಿ ತೆಗೆದರೆ, ಆ ಸರಾಸರಿಗಳ ಸಿಗ್ಮಾ ಅರ್ಧಕ್ಕಿಳಿದು 0.01 ಆಗುತ್ತದೆ. ಈ ಸರಾಸರಿಗಳನ್ನು ನಕ್ಷೆಯಲ್ಲಿ ಚುಕ್ಕಿಗಳಾಗಿ ಗುರುತಿಸಿ, 20 ಮಿ.ಮೀ. ಸೂಚಿಸುವ ನಡುಗೆರೆಯಿಂದ ಮೇಲೂ ಕೆಳಗೂ ಮೂರು ಸಿಗ್ಮಾ ದೂರದಲ್ಲಿ, ಎಂದರೆ 20.03 ಮತ್ತು 19.97ರಲ್ಲಿ, ಎಲ್ಲೆಗೆರೆ ಎಳೆಯಲಾಗುತ್ತದೆ. ಸರಾಸರಿಯ ಚುಕ್ಕಿಗಳು ಇವೆರಡರ ನಡುವೆ ಯಾವ ಕ್ರಮವೂ ಇಲ್ಲದೆ ಬೀಳುತ್ತಿದ್ದರೆ ಯಂತ್ರವನ್ನು ಮುಟ್ಟಬೇಕಾಗಿಲ್ಲ. ಚುಕ್ಕಿ ಗೆರೆ ದಾಟಿದರೆ ಉಳಿ ಸವೆದಿರಬಹುದು, ಕಚ್ಚಾ ಸರಕು ಬದಲಾಗಿರಬಹುದು. ಆಗ ಯಂತ್ರ ನಿಲ್ಲಿಸಿ ಕಾರಣ ಹುಡುಕಬೇಕು.

ಯಾವಾಗ ಸುಮ್ಮನಿರಬೇಕು ಎಂಬುದನ್ನೂ ನಕ್ಷೆ ಹೇಳುತ್ತದೆ. ಪ್ರತಿ ಸರಳನ್ನೂ ಅಳೆದು, ಹೆಚ್ಚಾದಷ್ಟನ್ನು ಇಳಿಸುತ್ತ, ಕಡಿಮೆಯಾದಷ್ಟನ್ನು ಏರಿಸುತ್ತ ಹೋಗುವ ಕೆಲಸಗಾರ ಶ್ರದ್ಧಾವಂತನಂತೆ ಕಾಣುತ್ತಾನೆ. ಆದರೆ ಯಂತ್ರ ಸರಿಯಾಗಿದ್ದು, ಏರುಪೇರು ಸಹಜವಾಗಿದ್ದರೆ ಈ ತಿದ್ದುಪಡಿಯಿಂದ ಸಿಗ್ಮಾ ಸುಮಾರು 1.4 ಪಟ್ಟಾಗಿ ಮಾಲು ಇನ್ನಷ್ಟು ಕೆಡುತ್ತದೆ. ಇಂಥ ಏರುಪೇರು ತಗ್ಗಬೇಕಾದರೆ ಯಂತ್ರ, ಸರಕು, ವಿಧಾನಗಳನ್ನೇ ಬದಲಿಸಬೇಕು. ಅದು ಕೆಲಸಗಾರನ ಕೈಯಲ್ಲಿಲ್ಲ, ಆಡಳಿತದ ಹೊಣೆ. ಶೂಹಾರ್ಟರ ವಿಚಾರಗಳನ್ನು ಮುಂದೆ ಬೆಳೆಸಿದ ಎಡ್ವರ್ಡ್ಸ್ ಡೆಮಿಂಗ್ ಒತ್ತಿ ಹೇಳಿದ್ದು ಇದನ್ನೇ.

ಯುದ್ಧ ಮತ್ತು ಜಪಾನ್

ಯುದ್ಧಕಾಲದಲ್ಲಿ ಅಮೆರಿಕ ಮದ್ದುಗುಂಡು, ಸಲಕರಣೆಗಳ ತಯಾರಿಕೆಗೆ ಈ ವಿಧಾನಗಳನ್ನು ಬಳಸಿ ಸಾವಿರಾರು ಮಂದಿಗೆ ತರಬೇತಿ ಕೊಟ್ಟಿತು. ಯುದ್ಧ ಮುಗಿದು ಏನು ತಯಾರಿಸಿದರೂ ಮಾರಾಟವಾಗುವ ಕಾಲ ಬಂದಾಗ ಅಲ್ಲಿನ ಆಸಕ್ತಿ ತಗ್ಗಿತು. ಜಪಾನಿನ ವಿಜ್ಞಾನಿಗಳ ಮತ್ತು ಎಂಜಿನಿಯರುಗಳ ಒಕ್ಕೂಟ 1950ರಲ್ಲಿ ಡೆಮಿಂಗರನ್ನು ಕರೆಸಿ ಉಪನ್ಯಾಸ ಮಾಲೆ ಏರ್ಪಡಿಸಿತು. ಮರುವರ್ಷ ಅವರ ಹೆಸರಿನಲ್ಲಿ ಪ್ರಶಸ್ತಿ ಸ್ಥಾಪಿಸಿತು. 1954ರಲ್ಲಿ ಅಮೆರಿಕದ ಇನ್ನೊಬ್ಬ ಗುಣಮಟ್ಟ ತಜ್ಞ ಜೋಸೆಫ್ ಜುರಾನ್ ಬಂದರು. ಜಪಾನಿನವರೇ ಆದ ಕಾವೊರು ಇಶಿಕಾವ ಲೆಕ್ಕದ ಸಾಧನಗಳನ್ನು ಸರಳಗೊಳಿಸಿದರು. 1962ರಿಂದ ಕೆಲಸಗಾರರೇ ಸೇರಿ ಚರ್ಚಿಸುವ ಗುಣಮಟ್ಟ ವೃತ್ತಗಳು ಆರಂಭವಾದವು. ಜಪಾನಿನ ಕಾರು, ಟಿ.ವಿ.ಗಳ ಪೈಪೋಟಿ ತಟ್ಟಿದ ಮೇಲೆ, 1980ರ ಹೊತ್ತಿಗೆ, ಅಮೆರಿಕದ ಕಂಪನಿಗಳು ಮತ್ತೆ ಡೆಮಿಂಗರತ್ತ ತಿರುಗಿದವು.

ಭಾರತದಲ್ಲಿ

ಸಂಖ್ಯಾಶಾಸ್ತ್ರಜ್ಞ ಪಿ.ಸಿ. ಮಹಾಲನೋಬಿಸ್ 1931ರಲ್ಲಿ ಸ್ಥಾಪಿಸಿದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಆಹ್ವಾನದ ಮೇಲೆ ಶೂಹಾರ್ಟ್ 1947-48ರಲ್ಲಿ ಭಾರತಕ್ಕೆ ಬಂದರು. 1950ರ ದಶಕದಲ್ಲಿ ಸಂಸ್ಥೆ ಕಾರ್ಖಾನೆಗಳಿಗೆ ಸಲಹೆ, ತರಬೇತಿ ನೀಡುವ ಘಟಕಗಳನ್ನು ತೆರೆಯಿತು; ಅಂಥದೊಂದು ಘಟಕ ಬೆಂಗಳೂರಿನಲ್ಲಿದೆ. ಪ್ರಯೋಗ ವಿನ್ಯಾಸಕ್ಕೆ ಹೆಸರಾದ ಗೆನಿಚಿ ತಗುಚಿ 1954-55ರಲ್ಲಿ ಇದೇ ಸಂಸ್ಥೆಯಲ್ಲಿ ಅತಿಥಿ ಪ್ರಾಧ್ಯಾಪಕರಾಗಿದ್ದರು. 1998ರಲ್ಲಿ ಸುಂದರಂ-ಕ್ಲೇಟನ್ ಕಂಪನಿಗೆ ಡೆಮಿಂಗ್ ಪ್ರಶಸ್ತಿ ಬಂದಿತು.

ಸಿಕ್ಸ್ ಸಿಗ್ಮಾ

1986ರಲ್ಲಿ ಮೊಟೊರೋಲಾದ ಎಂಜಿನಿಯರ್ ಬಿಲ್ ಸ್ಮಿತ್ ರೂಪಿಸಿದ ಈ ಕ್ರಮದ ಗುರಿ ಹತ್ತು ಲಕ್ಷ ಅವಕಾಶಗಳಿಗೆ 3.4 ದೋಷ. ಗುರುತಿಸು, ಅಳೆ, ವಿಶ್ಲೇಷಿಸು, ಸುಧಾರಿಸು, ಹತೋಟಿಯಲ್ಲಿಡು ಎಂಬ ಐದು ಹಂತಗಳಲ್ಲಿ ಕೆಲಸ ಸಾಗುತ್ತದೆ. ಪರಿಣತರಿಗೆ ಕರಾಟೆಯ ಮಾದರಿಯಲ್ಲಿ ಗ್ರೀನ್ ಬೆಲ್ಟ್, ಬ್ಲ್ಯಾಕ್ ಬೆಲ್ಟ್ ಎಂಬ ದರ್ಜೆಗಳಿವೆ. 1995ರಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿಯ ಮುಖ್ಯಸ್ಥ ಜಾಕ್ ವೆಲ್ಚ್ ಅಲ್ಲಿ ಜಾರಿಗೆ ತಂದ ಮೇಲೆ ಇದು ಬ್ಯಾಂಕು, ಆಸ್ಪತ್ರೆ, ಸಾಫ್ಟ್‌ವೇರ್‌ಗಳಿಗೂ ಹಬ್ಬಿತು. ಬೆಂಗಳೂರಿನ ವಿಪ್ರೊ ಇದನ್ನು ಮೊದಲಿಗೆ ಅಳವಡಿಸಿಕೊಂಡ ಭಾರತೀಯ ಕಂಪನಿಗಳಲ್ಲೊಂದು.

3.4ರ ಲೆಕ್ಕ ಟೀಕೆಗೂ ಒಳಗಾಗಿದೆ. ಅಳತೆ ಮೀರಬಾರದ ಮಿತಿಗಳು ಸರಾಸರಿಯಿಂದ ಆರು ಸಿಗ್ಮಾ ದೂರದಲ್ಲಿದ್ದು, ಸರಾಸರಿ ಕದಲದೆ ನಿಂತರೆ ನೂರು ಕೋಟಿಗೆ ಸುಮಾರು ಎರಡೇ ದೋಷ; ಕಾಲಕ್ರಮದಲ್ಲಿ ಸರಾಸರಿ 1.5 ಸಿಗ್ಮಾದಷ್ಟು ಸರಿಯುತ್ತದೆಂದು ಮೊದಲೇ ಊಹಿಸಿಕೊಂಡದ್ದರಿಂದ 3.4 ಬಂದಿದೆ. ಎಲ್ಲ ಕೆಲಸಗಳಿಗೂ ಒಂದೇ ಸರಿತ ಹೊಂದಬೇಕೆಂದಿಲ್ಲ ಎಂಬುದು ಸಂಖ್ಯಾಶಾಸ್ತ್ರಜ್ಞರ ಆಕ್ಷೇಪ. ಸೇವಾ ವಲಯದಲ್ಲಿ ಯಾವುದನ್ನು ದೋಷವೆಂದು ಎಣಿಸಬೇಕು ಎಂಬುದೇ ಮೊದಲು ತೀರ್ಮಾನವಾಗಬೇಕು. ಅದು ಸಡಿಲವಾಗಿದ್ದರೆ ಕೆಲಸ ಸುಧಾರಿಸದೆಯೂ ಅಂಕಿ ಇಳಿಯಬಲ್ಲದು.