ಬರಿಗೊಡದ ಸಾಕ್ಷ್ಯ

ನಮ್ಮ ನಾಗಲಮಡಿಕೆ ಉತ್ತರ ಪಿನಾಕಿನಿಯ ದಡದ ಊರು. ಹೊಳೆಯೆಂದರೆ ವರ್ಷದ ಬಹುಪಾಲು ಮರಳೇ. ಮರಳು ಬಗೆದು ಒರತೆ ತೆಗೆದವರಿಗೆ ಗೊತ್ತು: ಬರಿಗೊಡ ಹೊತ್ತು ಬಂದವಳನ್ನು ಕಂಡೊಡನೆ ನೀರಿಲ್ಲವೆನ್ನಬಾರದು, ಎಷ್ಟು ಆಳ ಬಗೆದಳೆಂದು ಮೊದಲು ಕೇಳಬೇಕು.

ನಮ್ಮತ್ತಿಗೆ ಈಚೆಗೆ ಗರ್ಭಕೋಶದ ಕೊರಳಿನ ಪರೀಕ್ಷೆ ಮಾಡಿಸಿಕೊಂಡು ಬಂದರು. 'ವೈರಸ್ ಕಂಡುಬಂದಿಲ್ಲ' ಎಂದು ಕಾಗದ ಬಂತು. ಸಂತೋಷಪಡುವುದು ಬಿಟ್ಟು, "ಆ ಕಡ್ಡಿ ತಾಗಬೇಕಾದಲ್ಲಿ ತಾಗಿತೋ ಇಲ್ಲವೋ, ಅವರಿಗೆ ಹೇಗೆ ಗೊತ್ತಾಯ್ತು ಕಣೇ?" ಎಂದು ನನ್ನನ್ನೇ ಕೇಳಿದರು. ಈ ಪ್ರಶ್ನೆಗೆ ಒಂದು ಚರಿತ್ರೆಯೇ ಉಂಟು.

ಗ್ರೀಸಿನಿಂದ ಅಮೆರಿಕಕ್ಕೆ ಹೋಗಿ ನೆಲಸಿದ ಪಾಪನಿಕೊಲಾವ್, ಗಾಜಿನ ಮೇಲೆ ಬಳಿದ ಸ್ರಾವದಲ್ಲಿ ಕ್ಯಾನ್ಸರ್ ಕೋಶಗಳನ್ನು ಗುರುತಿಸಬಹುದೆಂದು 1928ರಲ್ಲೇ ಹೇಳಿದ್ದರು. ಜನ ಕಿವಿಗೊಟ್ಟದ್ದು 1943ರ ಅವರ ಗ್ರಂಥದ ಮೇಲೆ. ಸೂಕ್ಷ್ಮದರ್ಶಕದಲ್ಲಿ ನೋಡುವವರಿಗೆ ಒಂದು ಅನುಕೂಲವಿತ್ತು: ಕೋಶಗಳೇ ಬಂದಿಲ್ಲವಾದರೆ ಅದು ಕಣ್ಣಿಗೆ ಕಾಣುತ್ತಿತ್ತು. 1983ರಲ್ಲಿ ಜರ್ಮನಿಯ ಹೌಸೆನ್‌ರ ತಂಡ ಈ ಕ್ಯಾನ್ಸರಿನ ಹಿಂದಿರುವ ಪ್ಯಾಪಿಲೋಮಾ ವೈರಸ್ಸನ್ನು ಪತ್ತೆಮಾಡಿತು. ಅನಂತರ ಹುಡುಕುವ ಕೆಲಸ ಯಂತ್ರಕ್ಕೆ ಬಂತು. ಯಂತ್ರಕ್ಕೆ ಆ ಕಣ್ಣಿಲ್ಲ.

ನಮ್ಮ ಬೀದರ್, ಕಲಬುರಗಿಗಳ ಗಡಿಗೆ ಹೊಂದಿದ ಮಹಾರಾಷ್ಟ್ರದ ಉಸ್ಮಾನಾಬಾದ್ (ಈಗ ಧಾರಾಶಿವ) ಜಿಲ್ಲೆಯಲ್ಲಿ 1999ರಲ್ಲಿ ದೊಡ್ಡದೊಂದು ಪ್ರಯೋಗ ಆರಂಭವಾಯಿತು. 1,31,746 ಹೆಂಗಸರು, ನಾಲ್ಕು ಗುಂಪು. 2009ರಲ್ಲಿ ಫಲ ಪ್ರಕಟವಾಯಿತು. ಒಮ್ಮೆ ವೈರಸ್ ಪರೀಕ್ಷೆಯಾದ ಗುಂಪಿನ 34,126 ಮಂದಿಯಲ್ಲಿ ಈ ಕ್ಯಾನ್ಸರಿನಿಂದ ಸತ್ತವರು 34. ತಪಾಸಣೆಯಿಲ್ಲದೆ ಎಂದಿನ ಆರೈಕೆಗೆ ಬಿಟ್ಟ 31,488 ಮಂದಿಯಲ್ಲಿ 64. ಈ ಕೊನೆಯ ಅಂಕಿಯನ್ನು ನಿರಾಳವಾಗಿ ಬರೆಯಲು ನನ್ನಿಂದಾಗದು.

ಅಲ್ಲಿ ಬಳಸಿದ 'ಹೈಬ್ರಿಡ್ ಕ್ಯಾಪ್ಚರ್' ಪರೀಕ್ಷೆಯಲ್ಲಿ ವೈರಸ್ಸಿನ ಡಿಎನ್‌ಎ ಇದ್ದರೆ ಬೆಳಕು ಹೊಮ್ಮುತ್ತದೆ. ಆ ಬೆಳಕನ್ನು ಅಳೆಯುತ್ತಾರೆ. ಬೆಳಕಿನ ಅಳತೆಯನ್ನೇ ವೈರಸ್ಸಿನ ಪ್ರಮಾಣವೆಂದು ಎಣಿಸಿದವರೂ ಉಂಟು. ತೊಡಕಿರುವುದು ಇಲ್ಲೇ. ಹೆಚ್ಚು ಕೋಶಗಳು ಬಂದರೆ ಬೆಳಕೂ ಹೆಚ್ಚೀತು. ಏನೂ ಬಾರದಿದ್ದರೆ ಕತ್ತಲೆ, ಕಾಗದದಲ್ಲಿ 'ಇಲ್ಲ'. ಕೋಶ ಬಂದಿತ್ತೇ ಎಂದು ನೋಡುವ ಏರ್ಪಾಡು ಆ ಪರೀಕ್ಷೆಯೊಳಗೆ ಇರಲಿಲ್ಲ. ಉಸ್ಮಾನಾಬಾದಿನ ಯಶಸ್ಸಿನಲ್ಲಿ ಯಂತ್ರಕ್ಕೆಷ್ಟು ಪಾಲೋ ಕಡ್ಡಿ ಹಿಡಿದ ಕೈಗೂ ಅಷ್ಟೇ ಪಾಲೆಂದು ನನ್ನ ಎಣಿಕೆ.

ಉಪಾಯವೇನೋ ದೊರೆಯಿತು. ಪಿಸಿಆರ್ ವಿಧಾನದಲ್ಲಿ ವೈರಸ್ಸಿನ ಜೊತೆಗೆ ಮನುಷ್ಯರದೇ ಒಂದು ಜೀನನ್ನೂ ಹುಡುಕಬಹುದು. ಅದೂ ಸಿಗದಿದ್ದರೆ ಮಾದರಿಯೇ ಪೊಳ್ಳು. ಸಿಕ್ಕರೆ, ಇಷ್ಟು ಕೋಶಕ್ಕೆ ಇಷ್ಟು ವೈರಸ್ಸೆಂದು ಲೆಕ್ಕ ಹಾಕಬಹುದು. ಆದರೆ ಕೆಲವು ಪರೀಕ್ಷೆಗಳು ಮನುಷ್ಯರ ಜೀನಿಗೆ ಬದಲಾಗಿ, ಹೊರಗಿನಿಂದ ಸೇರಿಸಿದ ಡಿಎನ್‌ಎಯನ್ನು ಹುಡುಕಿ ತೃಪ್ತಿಪಡುತ್ತವೆ. ಅದರಿಂದ ರಸಾಯನಕ್ರಿಯೆ ನಡೆಯಿತೆಂದು ತಿಳಿದೀತು; ಕಡ್ಡಿ ತಾಗಿತೆಂದು ತಿಳಿಯದು. ಹೆಂಗಸರು ತಾವೇ ಮಾದರಿ ತೆಗೆದುಕೊಳ್ಳಬಹುದೆಂದು 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೇಳಿದ ಮೇಲಂತೂ ಈ ವ್ಯತ್ಯಾಸ ಸಣ್ಣದಲ್ಲ.

ಅತ್ತಿಗೆಯ ಕಾಗದವನ್ನು ಮತ್ತೆ ತೆಗೆಸಿ ನೋಡಿದೆ. ಕೆಳಗೆ ಸಣ್ಣಕ್ಷರದಲ್ಲಿ 'ಇಂಟರ್ನಲ್ ಕಂಟ್ರೋಲ್: ಸರಿ' ಎಂದಿತ್ತು. ಯಾವ ಬಗೆಯದೆಂದು ಬರೆದಿರಲಿಲ್ಲ. ಕೇಳಿಕೊಂಡು ಬರಲು ಸೋಮವಾರ ಪಾವಗಡದ ಬಸ್ಸು ಹಿಡಿಯುತ್ತಾರಂತೆ.