ಹಳೆಯ ಬೆಂಗಳೂರಿನ ಬಡಾವಣೆಗಳಲ್ಲಿ ತರುಣರ ನಿರೀಕ್ಷೆಗಳು

ಇಂದಿನ ತರುಣರಿಗೆ ಮನೆಯ ಹಂಬಲವೂ ಇಲ್ಲ, ಊರಿನ ಅಭಿಮಾನವೂ ಇಲ್ಲ. ಸಂಬಳ ಹೆಚ್ಚಾಗಿರುವೆಡೆಗೇ ಅವರ ದೃಷ್ಟಿ ಎಂಬ ಮಾತು ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳ ಹಿರಿಯರ ಬಾಯಲ್ಲಿ ಆಗಾಗ್ಗೆ ಕೇಳಿಬರುವುದುಂಟು. ಇದು ತರುಣರ ಸ್ವಭಾವದ ದೋಷವೆ, ಅಥವಾ ಅವರ ಮುಂದೆ ತೆರೆದ ಮತ್ತು ಮುಚ್ಚಿದ ಬಾಗಿಲುಗಳ ಪರಿಣಾಮವೆ ಎಂಬುದು ಇತಿಹಾಸದ ವಿದ್ಯಾರ್ಥಿಯು ವಿಚಾರಿಸಬೇಕಾದ ಪ್ರಶ್ನೆ. ಈ ಮೂರು ಬಡಾವಣೆಗಳ ಚರಿತ್ರೆಯೇ ಅದಕ್ಕೆ ಉತ್ತರವನ್ನು ಒದಗಿಸುತ್ತದೆ.

ಚಾಮರಾಜಪೇಟೆ ರೂಪುಗೊಂಡದ್ದು 1892ರಲ್ಲಿ. 1898ರ ಪ್ಲೇಗು ಪೇಟೆಯ ಇಕ್ಕಟ್ಟಿನ ಬೀದಿಗಳಿಂದ ಜನರನ್ನು ಹೊರಕ್ಕೆ ನೂಕಿದ ಮೇಲೆ ಬಸವನಗುಡಿ, ಮಲ್ಲೇಶ್ವರಗಳು ಬೇಗಬೇಗನೆ ಬೆಳೆದುವು. ಇದೇ ಕಾಲದಲ್ಲಿ, ದಿವಾನ್ ಶೇಷಾದ್ರಿ ಅಯ್ಯರ್ ಅವರ ಆಡಳಿತದಲ್ಲಿ, ಮೈಸೂರು ಸಿವಿಲ್ ಸರ್ವಿಸ್‌ಗೆ ಸ್ಪರ್ಧಾ ಪರೀಕ್ಷೆ ಆರಂಭವಾಗಿತ್ತು (1891). ಈ ಎರಡು ಸಂಗತಿಗಳನ್ನು ಜೊತೆಯಾಗಿ ನೋಡಬೇಕು. ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎ. ಮುಗಿಸುವುದು, ಪರೀಕ್ಷೆಯಲ್ಲಿ ತೇರ್ಗಡೆಯಾಗುವುದು, ಅಮಲ್ದಾರಿಕೆಯನ್ನೋ ಕಚೇರಿಯ ಗುಮಾಸ್ತೆಗಿರಿಯನ್ನೋ ಪಡೆಯುವುದು, ಪಿಂಚಣಿಯ ಕಾಲಕ್ಕೆ ಹೊಸ ಬಡಾವಣೆಯಲ್ಲಿ ಸ್ವಂತ ಮನೆಯನ್ನು ಕಟ್ಟಿಸುವುದು—ಇದೇ ಅಂದಿನ ವಿದ್ಯಾವಂತ ತರುಣನ ಜೀವನಕ್ರಮದ ನಕ್ಷೆಯಾಯಿತು. ಹಳ್ಳಿಯಿಂದ ಬಂದ ಬಡ ವಿದ್ಯಾರ್ಥಿಯೂ ವಠಾರದ ಒಂದು ಮೂಲೆಯಲ್ಲಿ ತಂಗಿ, ವಾರಾನ್ನದಿಂದ ಹೊಟ್ಟೆ ಹೊರೆದು, ಇದೇ ನಕ್ಷೆಯನ್ನು ಎದುರಿಗಿಟ್ಟುಕೊಂಡು ಓದುತ್ತಿದ್ದನು.

ಆದರೆ ಈ ನಕ್ಷೆ ಎಲ್ಲರದಾಗಿರಲಿಲ್ಲ. ಸರ್ಕಾರಿ ಹುದ್ದೆಗಳಲ್ಲಿ ಬ್ರಾಹ್ಮಣರೇ ಬಹುಸಂಖ್ಯಾತರಾಗಿದ್ದರು. 1906ರಲ್ಲಿ ಸ್ಥಾಪಿತವಾದ ಒಕ್ಕಲಿಗರ ಸಂಘ, 1917ರ ಪ್ರಜಾಮಿತ್ರ ಮಂಡಲಿ ಮುಂತಾದುವು ಬೇರೆ ಮನೆಗಳ ಮಕ್ಕಳ ನಿರೀಕ್ಷೆಗೆ ಧ್ವನಿಕೊಟ್ಟುವು. 1918ರಲ್ಲಿ ನೇಮಕವಾದ ಮಿಲ್ಲರ್ ಸಮಿತಿಯು, ಏಳು ವರ್ಷಗಳೊಳಗಾಗಿ ಮೇಲಿನ ಹುದ್ದೆಗಳಲ್ಲಿ ಅರ್ಧಕ್ಕೆ ಕಡಮೆಯಿಲ್ಲದಂತೆಯೂ ಕೆಳಗಿನವುಗಳಲ್ಲಿ ಮೂರರಲ್ಲಿ ಎರಡು ಪಾಲೂ ಹಿಂದುಳಿದ ವರ್ಗಗಳಿಗೆ ದೊರೆಯಬೇಕೆಂದು ಸಲಹೆಮಾಡಿತು. ಒಂದು ಮನೆಯಲ್ಲಿ ಇದನ್ನು ಬಾಗಿಲು ಮುಚ್ಚಿತೆಂದು ತಿಳಿದರು. ಮತ್ತೊಂದು ಮನೆಯಲ್ಲಿ ಇದೇ ಮೊದಲ ಸಲ ಬಾಗಿಲು ತೆರೆಯಿತೆಂದು ತಿಳಿದರು. ತರುಣರ ಆಕಾಂಕ್ಷೆಯನ್ನು ಕುರಿತು ಬರೆಯುವವನು ಈ ಎರಡು ಮನೆಗಳನ್ನೂ ಹೊಕ್ಕು ಬರಬೇಕು.

ಆಕಾಂಕ್ಷೆಯೆಲ್ಲವೂ ಉದ್ಯೋಗದ್ದೇ ಎಂದು ಭಾವಿಸುವುದು ಸರಿಯಲ್ಲ. ರಾಷ್ಟ್ರೀಯ ಶಿಕ್ಷಣದ ಚಳವಳಿಯಿಂದ 1917ರಲ್ಲಿ ಹುಟ್ಟಿದ ಬಸವನಗುಡಿಯ ನ್ಯಾಷನಲ್ ಹೈಸ್ಕೂಲು ಬೇರೊಂದು ಆದರ್ಶವನ್ನು ಮುಂದಿಟ್ಟಿತು. ಗೌರಿಬಿದನೂರಿನ ಬಳಿಯ ಹೊಸೂರಿನ ಬಡ ಕುಟುಂಬದಿಂದ ಬಂದು ಅಲ್ಲಿ ಓದಿದ ಎಚ್. ನರಸಿಂಹಯ್ಯನವರು 1942ರಲ್ಲಿ ಸೆಂಟ್ರಲ್ ಕಾಲೇಜಿನ ವ್ಯಾಸಂಗವನ್ನು ಬಿಟ್ಟು ಸೆರೆಮನೆಯನ್ನು ಕಂಡರು. ಮುಂದೆ ಅಮೆರಿಕದ ಓಹಾಯೋ ಸ್ಟೇಟ್ ವಿಶ್ವವಿದ್ಯಾನಿಲಯದಲ್ಲಿ ಭೌತವಿಜ್ಞಾನದ ಡಾಕ್ಟರೇಟ್ ಪಡೆದು, ಹಿಂದಿರುಗಿ, ನ್ಯಾಷನಲ್ ಕಾಲೇಜಿನಲ್ಲಿಯೇ ಅಧ್ಯಾಪನವನ್ನು ಮುಂದುವರಿಸಿ, ಅದರ ವಿದ್ಯಾರ್ಥಿನಿಲಯದ ಕೊಠಡಿಯಲ್ಲಿ ಬಾಳಿದರು.

ಹೆಣ್ಣುಮಕ್ಕಳ ನಿರೀಕ್ಷೆಯ ಚರಿತ್ರೆ ಇನ್ನೂ ನಿಧಾನವಾದದ್ದು. ಬಾಲವಿಧವೆಯಾಗಿದ್ದ ಆರ್. ಕಲ್ಯಾಣಮ್ಮನವರು 'ಸರಸ್ವತಿ' ಪತ್ರಿಕೆಯನ್ನು ನಡೆಸಿ, 1938ರಲ್ಲಿ ಮಕ್ಕಳ ಕೂಟವನ್ನು ಕಟ್ಟಿದರು. ಮಹಿಳಾ ಸೇವಾ ಸಮಾಜದ ಶಾಲೆಯಲ್ಲಿ ಓದಿದ ರಾಜೇಶ್ವರಿ ಚಟರ್ಜಿಯವರು ಸೆಂಟ್ರಲ್ ಕಾಲೇಜಿನಲ್ಲಿ ಗಣಿತವನ್ನು ಅಭ್ಯಸಿಸಿ, 1947ರಲ್ಲಿ ಸರ್ಕಾರದ ವಿದ್ಯಾರ್ಥಿವೇತನದಿಂದ ಮಿಚಿಗನ್ ವಿಶ್ವವಿದ್ಯಾನಿಲಯಕ್ಕೆ ಹೋಗಿ, 1953ರಲ್ಲಿ ಮರಳಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಧ್ಯಾಪಕರಾದರು. ಮದುವೆಯೊಂದೇ ಗುರಿಯೆಂದು ಎಣಿಸುತ್ತಿದ್ದ ಮನೆಗಳಿಗೆ ಇಂತಹ ನಿದರ್ಶನಗಳು ಹೊಸ ಮಾತನ್ನು ಕಲಿಸಿದುವು.

ಅಷ್ಟರಲ್ಲಿ ನಗರದ ಸ್ವರೂಪವೇ ಬದಲಾಗಿತ್ತು. 1940ರಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್, 1948ರಲ್ಲಿ ಐ.ಟಿ.ಐ., 1953ರಲ್ಲಿ ಎಚ್.ಎಂ.ಟಿ., 1954ರಲ್ಲಿ ಬಿ.ಇ.ಎಲ್. ತಲೆಯೆತ್ತಿದುವು. ಬಸವನಗುಡಿಯಲ್ಲಿ 1946ರಲ್ಲಿಯೇ ಬಿ.ಎಂ. ಶ್ರೀನಿವಾಸಯ್ಯನವರು ಇಂಜಿನಿಯರಿಂಗ್ ಕಾಲೇಜನ್ನು ಸ್ಥಾಪಿಸಿದ್ದರು. ಬಿ.ಎ. ಪದವಿಯ ಹಳೆಯ ಗೌರವವು ಇಂಜಿನಿಯರಿಗೆ ಸಂದಿತು. ಅಮಲ್ದಾರನ ಸ್ಥಾನದಲ್ಲಿ ಕಾರ್ಖಾನೆಯ ಅಧಿಕಾರಿ ಬಂದನು. ಹುದ್ದೆ ಬೇರೆಯಾದರೂ ಭದ್ರತೆಯ ಹಂಬಲ ಮಾತ್ರ ಹಿಂದಿನದೇ.

ಆ ಹಂಬಲ ಸಡಿಲವಾದದ್ದು ಅನಂತರದಲ್ಲಿ. ಅಮೆರಿಕವು 1965ರಲ್ಲಿ ತನ್ನ ವಲಸೆಯ ಕಾನೂನನ್ನು ತಿದ್ದಿದ ಮೇಲೆ, ಓದಲೆಂದು ಹೋದವರಲ್ಲಿ ಅನೇಕರು ಅಲ್ಲಿಯೇ ನೆಲಸಿದರು. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದಂದಿನಿಂದ ವಿದೇಶದ ಕೆಲಸ ಊರಿಗೇ ಬರತೊಡಗಿತು. ಆಜೀವ ಉದ್ಯೋಗದ ಸಂಕೇತವಾಗಿದ್ದ ಎಚ್.ಎಂ.ಟಿ. ಗಡಿಯಾರದ ಕಂಪನಿಯನ್ನು ಮುಚ್ಚಲು 2016ರಲ್ಲಿ ತೀರ್ಮಾನವಾಯಿತು. ಮಗನು ಬಾಳಲೆಂದು ಅಜ್ಜ ಕಟ್ಟಿಸಿದ ಮನೆಯಲ್ಲಿ ಇಂದು ಎಷ್ಟೋ ಕಡೆ ವೃದ್ಧ ತಂದೆತಾಯಿಗಳು ಇಬ್ಬರೇ. ಎಷ್ಟೋ ಕಡೆ ಆ ಮನೆಯೇ ಇಲ್ಲದೆ ಬಹುಮಹಡಿಯ ಕಟ್ಟಡ ನಿಂತಿದೆ.

ಇದು ನಮ್ಮ ಬಡಾವಣೆಗಳಿಗೆ ಮಾತ್ರ ಒದಗಿದ ಅವಸ್ಥೆಯಲ್ಲ. ಚೀನದಲ್ಲಿ ಶತಮಾನಗಳಿಂದ ತರುಣರ ಬಾಳಿಗೆ ಗುರಿಯಾಗಿದ್ದ ಅಧಿಕಾರಿಗಳ ಪರೀಕ್ಷೆ 1905ರಲ್ಲಿ ರದ್ದಾಯಿತು. 1919ರ ಹೊತ್ತಿಗೆ ಅಲ್ಲಿಯ ವಿದ್ಯಾರ್ಥಿಗಳು ಬೀದಿಗಿಳಿದು ರಾಷ್ಟ್ರದ ಭವಿಷ್ಯವನ್ನೇ ಪ್ರಶ್ನಿಸುತ್ತಿದ್ದರು. ಮುಂದೆ ಸಮತಾವಾದಿ ಸರ್ಕಾರವು ಪದವೀಧರರಿಗೆ ತಾನೇ ಕೆಲಸ ಹಂಚಿತು. 1990ರ ದಶಕದಲ್ಲಿ ಆ ಪದ್ಧತಿಯೂ ಹಿಂದೆ ಸರಿದು, ತರುಣನು ತನ್ನ ದಾರಿಯನ್ನು ತಾನೇ ಹುಡುಕಬೇಕಾಯಿತು. ದೇಶ ಬೇರೆ, ರಾಜ್ಯವ್ಯವಸ್ಥೆ ಬೇರೆ. ಆದರೂ ಬಾಗಿಲು ಬದಲಾದಾಗ ನಡಿಗೆ ಬದಲಾಯಿತೆಂಬ ಸಂಗತಿ ಸಮಾನವಾದದ್ದು.

ಆದುದರಿಂದ ಹಿರಿಯರ ಆಕ್ಷೇಪವನ್ನು ಹಾಗೆಯೇ ಒಪ್ಪುವಂತಿಲ್ಲ. ಅಮಲ್ದಾರಿಕೆಯನ್ನು ಬಯಸಿದ ಅಜ್ಜನೂ ತನ್ನ ಹಳ್ಳಿಯ ಮನೆಯನ್ನು ಬಿಟ್ಟೇ ಬೆಂಗಳೂರಿಗೆ ಬಂದವನು. ಅಲ್ಲಿಯೂ ಯಾರೋ ಇಬ್ಬರು ಮುದುಕರು ಅವನ ದಾರಿಯನ್ನು ನೋಡುತ್ತಿದ್ದಿರಬೇಕು. ಪ್ರತಿಯೊಂದು ತಲೆಮಾರೂ ತೆರೆದಿರುವ ಬಾಗಿಲಿನ ಕಡೆಗೇ ನಡೆದಿದೆ. ನಾವು ಕೇಳಬೇಕಾದುದು ತರುಣರು ಏನನ್ನು ಬಯಸುತ್ತಾರೆ ಎಂಬುದನ್ನಷ್ಟೇ ಅಲ್ಲ. ಯಾವ ಬಾಗಿಲುಗಳನ್ನು ನಾವು ಅವರಿಗೆ ತೆರೆದಿಟ್ಟಿದ್ದೇವೆ, ಯಾರಿಗೆ ತೆರೆಯದೆ ಉಳಿಸಿದ್ದೇವೆ ಎಂಬುದನ್ನು.