ನಲಿಕಲಿ: ಶಿಕ್ಷಕರೇ ಕಟ್ಟಿದ ಏಣಿ

ಸರ್ಕಾರಿ ಶಾಲೆಯ ಮೇಷ್ಟ್ರ ನಿಷ್ಠೆಯನ್ನು ನಾವು ತ್ಯಾಗದ ಕಥೆಗಳಲ್ಲಿ ಹುಡುಕುತ್ತೇವೆ. ಅದು ಕಾಣುವುದು ಅವರ ಕಸುಬಿನಲ್ಲಿ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಿಕ್ಷಕರು ಆಂಧ್ರದ ರಿಷಿವ್ಯಾಲಿಯ ಹಳ್ಳಿಶಾಲೆಗಳ ಕ್ರಮ ನೋಡಿ ಬಂದರು. ಒಂದೇ ಕೋಣೆಯಲ್ಲಿ ಹಲವು ತರಗತಿ, ಆಗಾಗ ಶಾಲೆ ತಪ್ಪಿಸುವ ಮಕ್ಕಳು: ಇದಕ್ಕೆ ಪಠ್ಯಪುಸ್ತಕ ಒಗ್ಗುತ್ತಿರಲಿಲ್ಲ. ಪಾಠವನ್ನು ಕಾರ್ಡುಗಳಾಗಿ ಒಡೆದು, ಹಾಡು, ಆಟ ಬೆರೆಸಿ, ಕಲಿಕಾ ಏಣಿಯಲ್ಲಿ ಜೋಡಿಸಿದರು. ಇದೇ ನಲಿಕಲಿ. ಶಾಲೆ ತಪ್ಪಿಸಿದ ಮಗು ತಾನು ನಿಲ್ಲಿಸಿದ ಮೆಟ್ಟಿಲಿನಿಂದಲೇ ಮುಂದುವರಿಯಬಹುದಿತ್ತು.

ಯುನಿಸೆಫ್ ನೆರವಿನ ಈ ಯೋಜನೆಯಲ್ಲಿ ಶಿಕ್ಷಕರದೇನು ಹೆಚ್ಚುಗಾರಿಕೆ ಎನ್ನಬಹುದು. ನೆರವು ಹೊರಗಿನದು, ನಿಜ. ಆದರೆ ನಲಿಕಲಿಯ ಮಗು ‘ಅ ಆ’ ಬಿಟ್ಟು ‘ರ ಗ ಸ ದ’ದಿಂದ ಓದಲು ತೊಡಗುತ್ತದೆ; ಯಾವ ಅಕ್ಷರ ಮಗುವಿಗೆ ಮೊದಲು ಒಲಿಯುತ್ತದೆಂಬುದು ನೆಲದ ಮೇಲೆ ಮಕ್ಕಳ ಜೊತೆ ಕೂತವರಿಗೇ ಚೆನ್ನಾಗಿ ಗೊತ್ತು. 2009-10ರಲ್ಲಿ ಪದ್ಧತಿ ರಾಜ್ಯವಿಡೀ ಹಬ್ಬಿತು, ಕಾರ್ಡುಗಳು ಅಚ್ಚಾಗಿ ಮೇಲಿನಿಂದ ಬಂದವು. ಕಾರ್ಡು ಬರೆಯುವಾಗ ಇದ್ದ ಹುರುಪು ಹಂಚುವಾಗ ಕುಂದಿದ್ದರೆ, ಅದಕ್ಕೆ ಶಿಕ್ಷಕರನ್ನು ದೂರುವುದು ಅನ್ಯಾಯ.